ಮದುವೆಯ ಮೇಲೆ ಹೊರಿಸಿದ ಮಾತು

‘ಮದುವೆಯಾದ ಮೇಲೆ ಹಾಡೋದು ನಿಂತುಹೋಯ್ತು’ ಎಂದು ಎಷ್ಟು ಜನರ ಮುಂದೆ ಹೇಳಿದ್ದೇನೋ ಲೆಕ್ಕವಿಲ್ಲ. ಹೇಳುವಾಗ ಯಾರನ್ನೂ ಬೈಯುತ್ತಿರಲಿಲ್ಲ. ಒಂದು ನಿಟ್ಟುಸಿರು ಬಿಟ್ಟು ಸುಮ್ಮನಾಗುತ್ತಿದ್ದೆ, ಅಷ್ಟೇ. ಆ ನಿಟ್ಟುಸಿರು ತನ್ನ ಕೆಲಸ ತಾನು ಮಾಡುತ್ತಿತ್ತು. ಕೇಳಿದವರು ನನ್ನ ಗಂಡನ ಕಡೆ ನೋಡುತ್ತಿದ್ದರು, ಅವರು ತಲೆ ತಗ್ಗಿಸುತ್ತಿದ್ದರು.

ಕಾರ್ಖಾನೆಯಿಂದ ರಿಟೈರ್ ಆದ ಮೇಲೆ ಬಂದ ಬೇಸಿಗೆಯಲ್ಲಿ ಅವರೇ ಮಾತು ತೆಗೆದರು: “ನಿನ್ನ ಹಾಡ್ಕಿ ನಮ್ಮ ಮನಿಗಿ ಬಂದು ನಿಂತದ. ಬೆಂಗಳೂರಾಗ ರಾಮನವಮಿ ಕಚೇರಿ ನಡೀತಾವಂತ, ನಡಿ, ಒಮ್ಮೆ ಹೋಗಿ ಕೇಳ್ಕೊಂಡು ಬರೋಣ.” ಎಸ್.ವಿ. ನಾರಾಯಣಸ್ವಾಮಿ ರಾವ್ ಅವರು 1939ರಲ್ಲಿ ಚಾಮರಾಜಪೇಟೆಯಲ್ಲಿ ಕಟ್ಟಿದ ಶ್ರೀರಾಮಸೇವಾ ಮಂಡಳಿಯ ಉತ್ಸವ ಅದು. ಕೋಟೆ ಹೈಸ್ಕೂಲ್ ಮೈದಾನದ ಚಪ್ಪರದಲ್ಲಿ ವಾರಗಟ್ಟಲೆ ಸಂಜೆ ಕಚೇರಿ ನಡೆಯುತ್ತದೆ. ಹುಡುಗಿಯಾಗಿದ್ದಾಗ ಅದರ ಹೆಸರು ಹೇಳಿ ನಾನು ಕನಸು ಕಂಡದ್ದು ಅವರಿಗೆ ನೆನಪಿತ್ತು. ನಾನು ಬೇಡ ಅನ್ನಲಿಲ್ಲ. ಬರಬೇಕಾದ ಬಾಕಿ ಬಂತು ಅನ್ನುವ ಹಾಗೆ ಒಪ್ಪಿಕೊಂಡೆ. ಆ ಒಪ್ಪಿಗೆ ಈಗ ನನ್ನನ್ನು ಚುಚ್ಚುತ್ತದೆ.

ಸೇಡಂನಲ್ಲಿ ಪ್ಯಾಸೆಂಜರ್ ಹತ್ತಿ ಮಳಖೇಡ ರೋಡ್, ಚಿತ್ತಾಪುರ ದಾಟಿ ವಾಡಿಗೆ ಬಂದೆವು. ನಿಜಾಮರ ಕಾಲದಲ್ಲಿ, 1874ರಲ್ಲಿ, ಸಿಕಂದರಾಬಾದಿನಿಂದ ಬಂದು ಮುಂಬೈ–ಮದ್ರಾಸ್ ಹಳಿಗೆ ಸೇರಿದ ಹಳೆಯ ದಾರಿ. ವಾಡಿಯಲ್ಲಿ ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್. ಪ್ಲಾಟ್‌ಫಾರ್ಮಿನ ಕಲ್ಲುಬೆಂಚು ಕತ್ತಲಾದ ಮೇಲೂ ಸುಡುತ್ತಿತ್ತು. ಅವರು ಟವೆಲ್ ಹಸಿ ಮಾಡಿ ನಾನು ಕೂಡುವ ಜಾಗಕ್ಕೆ ಹಾಸಿದರು.

ಅವರ ಕಿವಿಯ ವಿಷಯ ಇಲ್ಲಿ ಹೇಳಬೇಕು. ನಮ್ಮ ಕಡೆ ಸಿಮೆಂಟ್ ಕಾರ್ಖಾನೆಗಳಲ್ಲಿ ದುಡಿದವರ ಮನೆಗಳಲ್ಲಿ ಟಿವಿಯ ಸಪ್ಪಳ ಯಾಕೆ ಓಣಿಗೆಲ್ಲ ಕೇಳುತ್ತದೆ ಅಂತ ಯಾರೂ ಕೇಳುವುದಿಲ್ಲ, ಎಲ್ಲರಿಗೂ ಗೊತ್ತು. 8 ತಾಸಿನ ಪಾಳಿಗೆ 90 ಡೆಸಿಬಲ್ ಅಂತ ನಿಯಮ ಮಿತಿ ಹಾಕಿದೆ. ಉಕ್ಕಿನ ಗುಂಡುಗಳು ಉರುಳುವ ಬಾಲ್ ಮಿಲ್ಲಿನ ಪಕ್ಕ ನಿಂತರೆ ಆ ಮಿತಿ ದಾಟುವುದಕ್ಕೆ ಹೊತ್ತು ಬೇಕಿಲ್ಲ. ಇಂಥ ಸಪ್ಪಳ ಮೊದಲು ತಿನ್ನುವುದು 4,000 ಹರ್ಟ್ಸ್ ಸುತ್ತಲಿನ ಶ್ರವಣವನ್ನು. ದನಿ ಕೇಳುತ್ತದೆ, ಅಕ್ಷರ ತಿಳಿಯುವುದಿಲ್ಲ. ತಂತಿ ಮಿಡಿದದ್ದು ಕಾಣುತ್ತದೆ, ತಂಬೂರಿಯ ಜವಾರಿ ಕಿವಿಗೆ ಬರುವುದಿಲ್ಲ. ಚಪ್ಪರದಡಿ ಕೂತ ಅವರಿಗೆ ದಕ್ಕಿದ್ದು ಮೃದಂಗದ ತೊಪ್ಪಿಯ ಗುಮುಕು ಮತ್ತು ಗಾಯಕಿಯ ಕೈಯಾಟ. ಪಾನಕ, ಕೋಸಂಬರಿ ತಂದುಕೊಟ್ಟರು, ಎಲ್ಲರೂ ತಲೆದೂಗಿದಾಗ ತಾವೂ ತೂಗಿದರು. ಅಷ್ಟು ಹೊತ್ತೂ ನನ್ನ ಮುಖ ನೋಡುತ್ತಿದ್ದರು, ಕೊಟ್ಟ ದುಡ್ಡು ಸಂದಿತೋ ಇಲ್ಲವೋ ಅಂತ ನೋಡುವವರ ಹಾಗೆ.

ಆ ಸಂಜೆ ಗಾಯಕಿ ಹಿಂದೋಳ ಎತ್ತಿಕೊಂಡರು. ನಮ್ಮ ಹಿಂದೂಸ್ತಾನಿಯಲ್ಲಿ ಅದೇ ಮಾಲಕಂಸ. ರಿಷಭವಿಲ್ಲ, ಪಂಚಮವಿಲ್ಲ. ನಮ್ಮವರು ಈ ರಾಗಕ್ಕೆ ತಾನಪುರದ ಪಂಚಮವನ್ನು ಮಧ್ಯಮಕ್ಕೆ ಇಳಿಸುತ್ತಾರೆ. ಕರ್ನಾಟಕ ಪದ್ಧತಿಯವರು ಸಾಮಾನ್ಯವಾಗಿ ಪಂಚಮವನ್ನು ಹಾಗೇ ಬಿಡುತ್ತಾರೆ. ಹಾಗಾಗಿ ನನ್ನ ಕಿವಿ ತಂತಿಯಲ್ಲಿ ಇಲ್ಲದ ಮಧ್ಯಮವನ್ನು ಹುಡುಕುತ್ತಿತ್ತು. ಆಕೆ ಅಲ್ಲಿಗೆ ಬಂದು ನಿಂತರು, ಅಲುಗದೆ, ಉದ್ದಕ್ಕೆ. ನನ್ನ ಎದೆ ಧಸಕ್ಕೆಂದಿತು. ನಾನು ಹಾಡು ಬಿಟ್ಟದ್ದು ಇದೇ ಸ್ವರದ ಮೇಲೆ.

ಶಹಾಬಾದಿನಲ್ಲಿ ನನಗೆ ಕಲಿಸಿದ ಮಾಸ್ತರು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದವರು. ಫರಸಿ ಹಾಸಿದ ಪಡಸಾಲೆಯಲ್ಲಿ ಹಾರ್ಮೋನಿಯಂ ಇಟ್ಟುಕೊಂಡು “ಮಧ್ಯಮದ ಮ್ಯಾಲೆ ನಿಲ್ಲವ್ವ, ಓಡಬ್ಯಾಡ” ಅನ್ನುತ್ತಿದ್ದರು. ನನಗೆ ನಿಲ್ಲಲಿಕ್ಕೆ ಬರುತ್ತಿರಲಿಲ್ಲ. ತಾನುಗಳಲ್ಲಿ ಜಾಣೆ ಅನ್ನಿಸಿಕೊಂಡವಳು ಒಂದೇ ಸ್ವರದಲ್ಲಿ ನಿಂತರೆ ದನಿ ನಡುಗುತ್ತಿತ್ತು. ನನಗಿಂತ ಸಣ್ಣ ಹುಡುಗಿಯೊಬ್ಬಳು ಬಂದು ಸರಾಗವಾಗಿ ನಿಂತಳು. ಆಮೇಲೆ ನನಗೆ ನೆಗಡಿ, ಪರೀಕ್ಷೆ, ಮನೆಗೆ ಬೀಗರು. ಕಾರಣಗಳು ತಾವಾಗಿಯೇ ಹುಟ್ಟಿಕೊಂಡವು. ವರ ನೋಡಲು ಬರುವ ಹೊತ್ತಿಗೆ ಪೆಟ್ಟಿಗೆಯ ಮೇಲೆ ಧೂಳು ಕೂತಿತ್ತು.

ಇದು ನನಗೆ ಗೊತ್ತಿರಲಿಲ್ಲ ಅನ್ನಲಾರೆ. ಗೊತ್ತಿತ್ತು, ನೋಡುತ್ತಿರಲಿಲ್ಲ. ಸೇಡಂಗೆ ಬಂದ ಮೇಲೆ ಅವರು ಒಳಕೋಣೆ ತೆರವು ಮಾಡಿ ಮಣೆಯ ಮೇಲೆ ಹಾರ್ಮೋನಿಯಂ ಇಟ್ಟುಕೊಟ್ಟಿದ್ದರು. “ನಾಳಿಗಿ” ಅನ್ನುತ್ತ ಬಂದೆ. ಅಮಾವಾಸ್ಯೆಯ ಭಜನೆಗೆ ಕಡಕೋಳ ಮಡಿವಾಳಪ್ಪನ ತತ್ವಪದ ಹೇಳು ಅಂತ ಅತ್ತೆ ಕರೆದರೆ, ಅದು ನನ್ನ ಸಂಗೀತ ಅಲ್ಲ ಅನ್ನುವ ಬಿಂಕ. ತವರಿನಲ್ಲಿ ಮಾತ್ರ ‘ಆ ಮನ್ಯಾಗ ಅದಕ್ಕೆಲ್ಲ ಪುರಸೊತ್ತೆಲ್ಲಿ’ ಎಂದು ಹೇಳಿಕೊಂಡು ಬರುತ್ತಿದ್ದೆ.

ನನ್ನ ಮಾತನ್ನು ಎಲ್ಲರೂ ನಂಬಿದರು, ಯಾಕೆಂದರೆ ಅದು ಬೇರೆ ನೂರಾರು ಹೆಣ್ಣುಮಕ್ಕಳ ಬದುಕಿನಲ್ಲಿ ಖರೆ. ನನ್ನ ಜೊತೆ ಕಲಿತವರಲ್ಲೇ ಗಂಡನ ಮನೆಯವರು ಪೆಟ್ಟಿಗೆ ಮುಟ್ಟಗೊಡದ ಗೆಳತಿಯಿದ್ದಾಳೆ. ಅವಳ ದುಃಖವನ್ನು ನಾನು ಉಟ್ಟುಕೊಂಡು ತಿರುಗಿದೆ. ಸೋಲುವ ಅಂಜಿಕೆ ಅಂತ ಹೇಳಿದ್ದರೆ ಯಾರೂ ‘ಅಯ್ಯೋ ಪಾಪ’ ಅನ್ನುತ್ತಿರಲಿಲ್ಲ.

ಮರಳುವಾಗ ರಾಯಚೂರು ದಾಟಿ, ಕೃಷ್ಣಾ ಹೊಳೆಯೂ ಹಿಂದೆ ಬಿದ್ದ ಮೇಲೆ ಹೇಳಿದೆ. ಅವರ ಕಿವಿಗೆ ಬೀಳಬೇಕಾದರೆ ಗಟ್ಟಿಯಾಗಿ ಹೇಳಬೇಕು. ಬೋಗಿಯ ಜನರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿಯೇ ಹೇಳಿದೆ: “ನನ್ನ ಹಾಡ್ಕಿ ನಿಮ್ಮಿಂದ ನಿಂತಿಲ್ಲ. ನಾನೇ ಬಿಟ್ಟೀನಿ, ಲಗ್ನಕ್ಕಿಂತ ಮೊದಲೇ.”

ಅವರು ಹಗುರಾಗುತ್ತಾರೆ ಅಂದುಕೊಂಡಿದ್ದೆ. ಸಿಟ್ಟಿಗೆದ್ದರು. ವಾಡಿ ಬರುವ ತನಕ ಮಾತಿಲ್ಲ. ಮನೆಗೆ ಬಂದ ಮೇಲೂ ಊಟದ ತಾಟು ತಾವೇ ತೊಳೆದಿಟ್ಟು ಹೊರಗೆ ಹೋಗುತ್ತಿದ್ದರು. ಕೊನೆಗೊಂದು ದಿನ ಕೇಳಿದರು: “ನಮ್ಮವ್ವಗ ಆವತ್ತು ಏನಂದಿದ್ದಿ, ನೆನಪದ?”

ನೆನಪಿತ್ತು. ಅತ್ತೆ ಹಾಸಿಗೆ ಹಿಡಿದಿದ್ದಾಗ ನನ್ನ ಕೈ ಹಿಡಿದುಕೊಂಡು “ನಿನ್ನ ಹಾಡ್ಕಿ ನಾವು ಬಿಡಿಸಿದಿವಿ, ತಾಯಿ” ಅಂದಿದ್ದರು. ನನ್ನ ಗಂಡ ಪಕ್ಕದಲ್ಲೇ ನಿಂತಿದ್ದರು. ನಾನು “ಇರಲಿ ಬಿಡ್ರಿ ಅತ್ತಿ” ಅಂದಿದ್ದೆ, ದೊಡ್ಡ ಮನಸ್ಸು ಮಾಡಿ ಕ್ಷಮಿಸಿದವಳ ದನಿಯಲ್ಲಿ.