ಪ್ರಶ್ನೆ ಕೇಳಲು ವಯಸ್ಸೆಷ್ಟು?

ಓಟು ಹಾಕಲು 18 ತುಂಬಬೇಕು. ಆದರೆ 2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ ವಯಸ್ಸಿನ ಮಾತೇ ಇಲ್ಲ. 2012ರಲ್ಲಿ ಲಖನೌದ 10 ವರ್ಷದ ಬಾಲಕಿಯೊಬ್ಬಳು, ಗಾಂಧೀಜಿಯವರಿಗೆ ‘ರಾಷ್ಟ್ರಪಿತ’ ಎಂಬ ಬಿರುದು ಕೊಟ್ಟ ಆದೇಶ ಯಾವುದೆಂದು ಕೇಳಿ ದಿಲ್ಲಿಯ ಕಚೇರಿಗಳಲ್ಲಿ ಕಡತ ಹುಡುಕಿಸಿದಳು. ಅಂಥ ದಾಖಲೆಯೇ ಸಿಗಲಿಲ್ಲ!

ಹೈಸ್ಕೂಲಿನಲ್ಲಿರುವ ನಿಮ್ಮ ತಮ್ಮ ತಂಗಿಯರು ಪೌರನೀತಿಯನ್ನು ಅಂಕಕ್ಕಾಗಿ ಬಾಯಿಪಾಠ ಮಾಡುತ್ತಾರೆ. ಫಲಕ ಹಿಡಿದು ಫೋಟೋ ತೆಗೆಸಿಕೊಳ್ಳುವ ಮೆರವಣಿಗೆ ನನಗಂತೂ ಹಿಡಿಸದು. ಶಾಲೆಯೆದುರಿನ ಮುರಿದ ಫುಟ್‌ಪಾತಿನ ಬಗ್ಗೆ ಅವರಿಂದ ಒಂದು ಅರ್ಜಿ ಬರೆಸಿ. “ಯಾಕೆ ರಿಪೇರಿ ಮಾಡಿಲ್ಲ?” ಎಂದರೆ ಜಾರಿಕೊಳ್ಳುತ್ತಾರೆ. ಕಡೆಯ ಸಲ ಯಾವಾಗ ಮಾಡಿಸಿದಿರಿ, ಖರ್ಚೆಷ್ಟು, ಗುತ್ತಿಗೆದಾರ ಯಾರು ಎಂದು ಕೇಳಬೇಕು. ಮುಂಬಯಿಯಲ್ಲಿ 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪು ಸಾಕು. 30 ದಿನದೊಳಗೆ ಉತ್ತರ ಕೊಡಬೇಕು, ಕೊಡದಿದ್ದರೆ ಮೇಲ್ಮನವಿ. ಮರಾಠಿಯಲ್ಲೇ ಬರೆಸಿ, ಅದು ನಿಮಗೆ ನಮಗಿಂತ ಚೆನ್ನಾಗಿ ಬರುತ್ತದಲ್ಲ!