ವಿರೂಪಾಪುರಗಡ್ಡೆಯಲ್ಲಿ ಹಿಡಿತದ ಪಾಠ

ಹಂಪಿಯ ವಿರೂಪಾಕ್ಷ ದೇವಾಲಯದ ಬಳಿ ತುಂಗಭದ್ರೆಗೆ ಇಳಿದು ದೋಣಿ ಹತ್ತಿದರೆ, ಆಚೆ ದಡದಲ್ಲಿ ಸಿಗುವುದೇ ವಿರೂಪಾಪುರಗಡ್ಡೆ. ಗಡ್ಡೆ ಎಂದರೆ ಹೊಳೆಯ ನಡುವಿನ ನೆಲ. ದೇವಾಲಯವಿರುವುದು ವಿಜಯನಗರ ಜಿಲ್ಲೆಯಲ್ಲಿ. ಗಡ್ಡೆ ಸೇರಿರುವುದು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿಗೆ. ಕಾಲುವೆ ನೀರುಂಡ ಹಸಿರು ಭತ್ತದ ಗದ್ದೆ, ಅದರ ಅಂಚಿನಿಂದಲೇ ಎದ್ದು ನಿಂತ ಬಂಡೆಗಳ ರಾಶಿ: ಇದು ಇಲ್ಲಿನ ಚೆಲುವು.

ಈ ಬಂಡೆಗಳನ್ನು ಯಾರೂ ತಂದು ಪೇರಿಸಿದ್ದಲ್ಲ. ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಮಿಯ ಆಳದಲ್ಲಿ ಶಿಲಾರಸ ತಣಿದು ಗ್ರಾನೈಟ್ ಆಯಿತು. ಮೇಲಿನ ಪದರ ಸವೆದ ಮೇಲೆ ಕಲ್ಲಿನ ಸೀಳುಗಳಲ್ಲಿ ನೀರಿಳಿದು, ಮೂಲೆಗಳು ಶಿಥಿಲವಾಗಿ ಉದುರಿ, ಗುಂಡುಕಲ್ಲುಗಳು ಉಳಿದವು. ಗುರುತ್ವ ಕೇಂದ್ರದಿಂದ ಇಳಿಸಿದ ಲಂಬರೇಖೆ ತನ್ನ ಆಧಾರದ ಒಳಗೆ ಬೀಳುವ ಬಂಡೆ ನಿಂತಿದೆ; ಹೊರಗೆ ಬಿದ್ದದ್ದು ಎಂದೋ ಉರುಳಿಹೋಗಿದೆ. ಒಂಬತ್ತನೇ ತರಗತಿಯ ಪಾಠಕ್ಕೆ ಇದಕ್ಕಿಂತ ದೊಡ್ಡ ಪ್ರಯೋಗಶಾಲೆ ಬೇಕೆ?

ಈ ಬಂಡೆಗಳನ್ನು ಹಗ್ಗವಿಲ್ಲದೆ, ಕೆಳಗೊಂದು ದಪ್ಪ ಹಾಸಿಗೆ ಹಾಸಿಕೊಂಡು ಹತ್ತಲು ದೇಶವಿದೇಶಗಳ ತರುಣರು ಬರುತ್ತಾರೆ. ಅಮೆರಿಕದ ಪ್ರಸಿದ್ಧ ಆರೋಹಿ ಕ್ರಿಸ್ ಶರ್ಮಾ ಹಂಪಿಯ ಬಂಡೆಗಳನ್ನೇರುವ ಚಿತ್ರ 2003ರಲ್ಲಿ ಬಂದಿತ್ತು. ಹತ್ತುವವರ ಕೈ ಎಷ್ಟೇ ಗಟ್ಟಿಯಾಗಿರಲಿ, ಕಾಲು ಸರಿಯಾಗಿ ಊರದಿದ್ದರೆ ಅವರು ಹಾಸಿಗೆಯ ಮೇಲೆಯೇ.

ನಮ್ಮ ಕಬಡ್ಡಿಯಲ್ಲಿ ಹಿಡಿಯುವವನ, ಅಂದರೆ ಕ್ಯಾಚರ್‌ನ, ಗುಟ್ಟೂ ಇದೇ. ಅವನು ಮಂಡಿ ಬಾಗಿಸಿ, ಕಾಲು ಅಗಲಿಸಿ ನಿಲ್ಲುತ್ತಾನೆ. ಗುರುತ್ವ ಕೇಂದ್ರ ಕೆಳಗಿಳಿಯುತ್ತದೆ, ಆಧಾರ ಹಿಗ್ಗುತ್ತದೆ. ದಾಳಿಗಾರನಿಗೆ ಇರುವುದು 30 ಸೆಕೆಂಡು. ಅಷ್ಟರಲ್ಲಿ ದುಡುಕಿ ಮುನ್ನುಗ್ಗಿದ ಕ್ಯಾಚರ್ ಔಟಾಗುತ್ತಾನೆ. ಕಾದವನು ಪಾದ ಹಿಡಿಯುತ್ತಾನೆ. ಅಂಕಣದಲ್ಲಿ ಮೂವರು ಅಥವಾ ಅದಕ್ಕೂ ಕಡಿಮೆ ಮಂದಿ ಉಳಿದಾಗ ಹಿಡಿದರೆ ಎರಡು ಅಂಕ. ಆದರೂ ಚಪ್ಪಾಳೆ ಹೆಚ್ಚಾಗಿ ದಾಳಿಗಾರನಿಗೇ.

ಗರಡಿಮನೆಗಳ ಆರಾಧ್ಯದೈವ ಆಂಜನೇಯ ಹುಟ್ಟಿದನೆಂದು ಭಕ್ತರು ನಂಬುವ ಅಂಜನಾದ್ರಿ ಇಲ್ಲಿಗೆ ಹತ್ತಿರದ ಆನೆಗೊಂದಿಯ ಬಳಿಯಿದೆ. ಆ ಸೀಮೆಯಲ್ಲಿ ಸಂಜೆ ಹುಡುಗರು ಕಬಡ್ಡಿ ಆಡುವುದನ್ನು ನೋಡುತ್ತಾ ನಿಂತಿದ್ದಾಗ, ಪಕ್ಕದಲ್ಲಿದ್ದ ರೈತರೊಬ್ಬರು ಕೇಳಿದರು: “ಸರ್ರ, ನಮ್ಮ ಹುಡುಗ ಕ್ಯಾಚಿಂಗ್ ಭಾಳ ಚಲೋ ಮಾಡ್ತಾನ್ರಿ. ಇದ್ರಿಂದ ಹೊಟ್ಟಿ ತುಂಬತೈತೇನ್ರಿ?”

ಪಾಲಕರ ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ 2010 ಮತ್ತು 2014ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದ ತಂಡಗಳಲ್ಲಿದ್ದರು. 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಆಟವೇ ಅವರಿಗೆ ರೈಲ್ವೆಯಲ್ಲಿ ನೌಕರಿ ಕೊಟ್ಟಿತು. ಕರ್ನಾಟಕದವರೇ ಆದ ಬಿ.ಸಿ. ರಮೇಶ್ 2001ರ ಸಾಲಿನ ಅರ್ಜುನ ಪ್ರಶಸ್ತಿ ವಿಜೇತರು. ಆಡುವುದು ಮುಗಿದ ಮೇಲೆ ತರಬೇತುದಾರರಾಗಿ 2019ರಲ್ಲಿ ಬೆಂಗಾಲ್ ವಾರಿಯರ್ಸ್, 2024ರಲ್ಲಿ ಪುಣೇರಿ ಪಲ್ಟನ್ ತಂಡಗಳಿಗೆ ಪ್ರೊ ಕಬಡ್ಡಿ ಕಿರೀಟ ತಂದರು.

ಕೋಟ್ಯಂತರ ಹಣ ಓಡಾಡುವ ಅಮೆರಿಕದ ಕಥೆಯನ್ನೂ ಕೇಳಿ. ಅಲ್ಲಿನ ಫುಟ್‌ಬಾಲ್‌ನಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ; ಓಡುವವನನ್ನು ಕೆಡವುವುದೇ ರಕ್ಷಣಾ ಆಟಗಾರನ ಕೆಲಸ. ಭಾರತೀಯ ಮೂಲದ ತಂದೆಯ ಮಗ ಬ್ರಾಂಡನ್ ಚಿಲ್ಲರ್ ಅಂಥ ಆಟಗಾರ. 1982ರಲ್ಲಿ ಹುಟ್ಟಿ, ವಿಶ್ವವಿದ್ಯಾಲಯದಲ್ಲಿ ಆಡಿ, 2004ರಲ್ಲಿ ಸೇಂಟ್ ಲೂಯಿಸ್ ರಾಮ್ಸ್ ಸೇರಿದರು. 2008ರಲ್ಲಿ ಗ್ರೀನ್ ಬೇ ಪ್ಯಾಕರ್ಸ್‌ಗೆ ಹೋದರು. ಆ ತಂಡ 2011ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಗೆದ್ದಾಗ ಅವರು ಗಾಯಗೊಂಡು ಹೊರಗಿದ್ದರು. ಅದೇ ಜುಲೈನಲ್ಲಿ ತಂಡ ಅವರನ್ನು ಬಿಡುಗಡೆ ಮಾಡಿತು. ಆಗ ವಯಸ್ಸು 28! ನಮ್ಮಲ್ಲಿ ಎಷ್ಟೋ ಮಂದಿ ಮೊದಲ ನೌಕರಿಗೆ ಸೇರುವ ವಯಸ್ಸು ಅದು.

ಒಂದೇ ಆಧಾರದ ಬದುಕು ಎಂಥದೆಂಬುದನ್ನು ಗಡ್ಡೆಯೂ ಕಂಡಿದೆ. ವಿದೇಶಿ ಪ್ರವಾಸಿಗರನ್ನು ನಂಬಿ ಇಲ್ಲಿ ಸಾಲುಸಾಲಾಗಿ ರೆಸಾರ್ಟ್, ಅತಿಥಿಗೃಹಗಳು ಎದ್ದಿದ್ದವು. ಪಾರಂಪರಿಕ ಪ್ರದೇಶದಲ್ಲಿ ಅನಧಿಕೃತವಾಗಿ ಕಟ್ಟಿದವೆಂದು 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಮಾರ್ಚ್‌ನಲ್ಲಿ ಅವು ನೆಲಸಮವಾದವು. ಅವುಗಳನ್ನೇ ನೆಚ್ಚಿದ್ದ ಕೆಲಸಗಾರರು ಬೇರೆ ದಾರಿ ನೋಡಬೇಕಾಯಿತು. ಗದ್ದೆ ಇದ್ದವರು ಗದ್ದೆಗೆ ಮರಳಿದರು.

ಹಾಗಾಗಿ ಆ ರೈತರಿಗೆ ಹೇಳಿದ ಮಾತನ್ನೇ ಎಲ್ಲ ಪಾಲಕರಿಗೂ ಹೇಳುತ್ತೇನೆ: ಮಗನನ್ನು ಆಡಲು ಬಿಡಿ, ಪುಸ್ತಕವನ್ನೂ ಬಿಡಿಸಬೇಡಿ. ಕ್ಯಾಚರ್ ಎರಡೂ ಕಾಲು ಅಗಲಿಸಿ ನಿಂತರೆ ಮಾತ್ರ ಹಿಡಿತ ಸಿಗುತ್ತದೆ. ಆಟ ಒಂದು ಕಾಲು, ಓದು ಇನ್ನೊಂದು ಕಾಲು. ವಿದ್ಯಾರ್ಥಿಗಳೇ, ಇದನ್ನು ಉಪದೇಶವೆಂದು ತಳ್ಳಬೇಡಿ. ಎದುರಿಗಿರುವ ಬಂಡೆಯನ್ನು ಒಮ್ಮೆ ನೋಡಿ.

ಹೋಗುವುದು ಹೀಗೆ: ಗಂಗಾವತಿಯಿಂದ ಆನೆಗೊಂದಿ, ಸಾಣಾಪುರದ ಮಾರ್ಗವಾಗಿ ರಸ್ತೆಯಿದೆ. ಹಂಪಿ ಕಡೆಯಿಂದ ಬರುವವರು ಹೊಳೆ ತುಂಬಿ ದೋಣಿ ನಿಂತಾಗ ಬುಕ್ಕಸಾಗರ–ಕಡೆಬಾಗಿಲು ಸೇತುವೆಯ ಮೇಲೆ ಬರಬೇಕು. ಚಳಿಗಾಲ ಒಳ್ಳೆಯದು. ಹೊಳೆಯಲ್ಲಿ ಮಾತ್ರ ಈಜಲು ಇಳಿಯಬೇಡಿ. ಸೆಳವು ಅಪಾಯಕಾರಿ, ಮೊಸಳೆಗಳೂ ಇವೆ.