ಹಕೀಮನ ಊರಿನ ಪಕ್ಕದಲ್ಲಿ

ನಂಜನಗೂಡಿನ ಶ್ರೀಕಂಠೇಶ್ವರನಿಗೆ ವೈದ್ಯನೆಂಬ ಬಿರುದು ಸಿಕ್ಕಿದ್ದು ಯಾವ ಪ್ರವೇಶ ಪರೀಕ್ಷೆಯನ್ನೂ ಬರೆಯದೆ. ಟಿಪ್ಪು ಸುಲ್ತಾನನ ಆನೆಗೆ ಕಣ್ಣು ಹೋಯಿತು, ದೇವರಿಗೆ ಮೊರೆಹೋದ ಮೇಲೆ ಮತ್ತೆ ಕಣ್ಣು ಬಂತು, ಸಂತೋಷಗೊಂಡ ಸುಲ್ತಾನ ಪಚ್ಚೆಲಿಂಗವನ್ನು ಒಪ್ಪಿಸಿ ‘ಹಕೀಮ ನಂಜುಂಡ’ ಎಂದು ಕರೆದ ಎಂಬ ಕತೆ ಆ ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಇದೆ. ವಿಷವನ್ನೇ ಕುಡಿದು ಅರಗಿಸಿಕೊಂಡವನ ಬಳಿ ಯಾವ ಕೌನ್ಸಿಲು ತಾನೇ ನೋಂದಣಿ ಪತ್ರ ಕೇಳೀತು!

ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ದಾರಿಯ ಹಳ್ಳಿಯೊಂದರ ಹುಡುಗಿಗೆ ಆ ಸೌಲಭ್ಯ ಇರಲಿಲ್ಲ. ಡಾಕ್ಟರಾಗಬೇಕೆಂದು ಅವಳು ಹೈಸ್ಕೂಲಿನಲ್ಲೇ ತೀರ್ಮಾನಿಸಿದ್ದಳು. ಅವಳ ಚಿಕ್ಕಪ್ಪನ ಕಾಲದಲ್ಲಿ, ಅಂದರೆ 1994ರಲ್ಲಿ ಸಿಇಟಿ ಶುರುವಾದ ಹೊಸದರಲ್ಲಿ, ಮೆಡಿಕಲ್ ಸೀಟಿನ ಮಾತೆಲ್ಲ ಬೆಂಗಳೂರಿಗೇ ಮುಗಿಯುತ್ತಿತ್ತು. ಈಗ ದೇಶಕ್ಕೆಲ್ಲ ಒಂದೇ ನೀಟ್. 180 ಪ್ರಶ್ನೆ, 720 ಅಂಕ. ಸರಿಯಾದರೆ ನಾಲ್ಕು, ತಪ್ಪಾದರೆ ಒಂದು ಕಡಿತ. ತಪ್ಪು ಬರೆದದ್ದಕ್ಕೆ ದಂಡ ಹಾಕುವ ಪರೀಕ್ಷೆಯೂ ಉಂಟೇ ಎಂದು ಅಪ್ಪ ಬೆರಗಾಗಿದ್ದ. 2017ರಿಂದ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. ಆದರೆ ಎರಡು ವರ್ಷ ಪಿಯುಸಿ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಉರುಹೊಡೆದವರಿಗೆ ಅದರಿಂದ ಆಗುವ ಉಪಕಾರ ಅಷ್ಟಕ್ಕಷ್ಟೆ.

ಹುಡುಗಿ ಪಾಸಾದಳು. ಪಾಸಾಗುವುದು ಬೇರೆ, ಸೀಟು ಸಿಗುವುದು ಬೇರೆ ಎಂಬುದು ಮನೆಯವರಿಗೆ ತಿಳಿದದ್ದು ಆಮೇಲೆ. ಸರ್ಕಾರಿ ಸೀಟಿಗೆ ರ್‍ಯಾಂಕು ಸಾಲದು. ಮ್ಯಾನೇಜ್‌ಮೆಂಟ್ ಸೀಟಿನ ಮಾತನ್ನು ಯಾರೂ ಎತ್ತಲೇ ಇಲ್ಲ. ಅಷ್ಟರಲ್ಲಿ ಮೈಸೂರಿನಿಂದ ಒಬ್ಬ ಏಜೆಂಟ ಬಂದ. ಹೊರದೇಶದಲ್ಲಿ ಎಂಬಿಬಿಎಸ್, ಇಲ್ಲಿಯ ಖರ್ಚಿನ ಕಾಲುಭಾಗ, ಊಟಕ್ಕೆ ಅನ್ನ ಸಾರು. ‘ವಾಪಸು ಬಂದ ಮೇಲೆ ಒಂದು ಚಿಕ್ಕ ಟೆಸ್ಟ್ ಇರುತ್ತೆ, ಅಷ್ಟೆ’ ಎಂದು ಕಾಫಿ ಲೋಟ ಕೆಳಗಿಟ್ಟ. ಕಾಲುವೆ ಬಯಲಿನ ಎರಡೆಕರೆ ಗದ್ದೆ ಮಾರಿದರೆ ಲೆಕ್ಕ ಸರಿಹೋಗುತ್ತಿತ್ತು. ಅಪ್ಪ ಕೊಳ್ಳುವವರನ್ನೂ ಮನಸ್ಸಿನಲ್ಲೇ ಗೊತ್ತುಮಾಡಿಕೊಂಡಿದ್ದ.

ಆ ಚಿಕ್ಕ ಟೆಸ್ಟ್ ಎಂಥದೆಂದು ಹುಡುಕಿ ಓದಿದವಳು ಹುಡುಗಿಯೇ. 2002ರಿಂದ ನಡೆಯುತ್ತಿರುವ ಪರೀಕ್ಷೆ ಅದು. ವರ್ಷಕ್ಕೆ ಎರಡು ಸಲ, 300 ಪ್ರಶ್ನೆ, 150 ಬಂದರೆ ತೇರ್ಗಡೆ. ಕೇಳುವುದಕ್ಕೆ ಸುಲಭ. ಆದರೆ 2024ರ ಜೂನ್ ಸರದಿಯಲ್ಲಿ ದಾಟಿದವರು ಐವರಲ್ಲಿ ಸುಮಾರು ಒಬ್ಬರು. ಮಿಕ್ಕ ನಾಲ್ವರ ಅಪ್ಪಂದಿರೂ ಏನನ್ನಾದರೂ ಮಾರಿಯೇ ಇರಬೇಕು. 2021ರ ನಿಯಮಗಳು ಇನ್ನೂ ಬಿಗಿ. ಹೊರದೇಶದ ಓದು 54 ತಿಂಗಳಿಗೆ ಕಡಿಮೆಯಿರಬಾರದು, ಇಂಗ್ಲಿಷಿನಲ್ಲೇ ಇರಬೇಕು, ಅಲ್ಲೇ 12 ತಿಂಗಳು ಇಂಟರ್ನ್‌ಷಿಪ್, ಬಂದು ಪರೀಕ್ಷೆ ದಾಟಿ ಇಲ್ಲಿ ಮತ್ತೆ 12 ತಿಂಗಳು. ಸೇರಿದ ದಿನದಿಂದ ಹತ್ತು ವರ್ಷದೊಳಗೆ ಎಲ್ಲವೂ ಮುಗಿಯಬೇಕು. ಜಗಲಿಯ ಮೇಲೆ ಕೂತು ಅವಳು ಒಂದೊಂದಾಗಿ ಹೇಳುತ್ತ ಹೋದಳು, ಅಪ್ಪ ಬೆರಳು ಮಡಚುತ್ತ ಹೋದ. 2019ರ ಕಾಯಿದೆಯಲ್ಲಿ ಹೇಳಿದ ‘ನೆಕ್ಸ್ಟ್’ ಎಂಬ ಪರೀಕ್ಷೆ ಬಂದರೆ ಇಲ್ಲಿ ಓದಿದವರೂ ಅಲ್ಲಿ ಓದಿದವರೂ ಒಂದೇ ಪರೀಕ್ಷೆ ಬರೆಯಬೇಕು. ಅದು ಮಾತ್ರ ಹೆಸರಿಗೆ ತಕ್ಕಂತೆ ಮುಂದೆ ಮುಂದೆ ಹೋಗುತ್ತಲೇ ಬಂದಿದೆ.

ಏಜೆಂಟ ಎರಡನೇ ಸಲ ಬಂದಾಗ ಹುಡುಗಿ ಒಂದೇ ಪ್ರಶ್ನೆ ಕೇಳಿದಳು. ‘ಆ ಡಿಗ್ರಿ ತಗೊಂಡ ಅಲ್ಲಿಯ ಹುಡುಗರಿಗೆ ಅಲ್ಲೇ ವೈದ್ಯ ಮಾಡೋಕೆ ಲೈಸೆನ್ಸ್ ಕೊಡ್ತಾರಾ? ಅದೇ ಲೈಸೆನ್ಸಿಗೆ ನಮಗೂ ಅರ್ಹತೆ ಇರುತ್ತಾ?’ ಅದೂ ನಿಯಮದಲ್ಲಿದೆ. ಅಲ್ಲಿ ವೈದ್ಯವೃತ್ತಿ ಮಾಡಲು ಅರ್ಹತೆ ಕೊಡದ ಪದವಿ ಇಲ್ಲಿಯೂ ನಡೆಯದು. ಏಜೆಂಟ ಫೋನ್ ಮಾಡಿ ಹೇಳುತ್ತೇನೆಂದು ಹೋದ. ಫೋನ್ ಬಂತು, ಆದರೆ ಮುಂಗಡ ಹಣದ ವಿಷಯಕ್ಕೆ. ಮಕ್ಕಳನ್ನು ಹೊರಗೆ ಕಳಿಸಲು ಹೊರಟ ತಂದೆತಾಯಿ ಫೀಸಿನ ಪಟ್ಟಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು.

ಇಷ್ಟೆಲ್ಲ ನಡೆಯುವಾಗ ಅಜ್ಜಿಯದು ಬೇರೆಯೇ ರಾಗ. ‘ಇಷ್ಟೊಂದು ಪರೀಕ್ಸ ಯಾಕ? ನಮ್ಮೂರ ಡಾಕ್ಟ್ರು ಯಾವ್ದು ಬರ್ದಿದ್ದ?’ ಎಂದು. ಅಜ್ಜಿಯ ಬಾಲ್ಯದಲ್ಲಿ ಡಾಕ್ಟರೆಂದರೆ ಸೈಕಲ್ ಮೇಲೆ ಬರುತ್ತಿದ್ದ ಎಲ್‌ಎಂಪಿ ಡಾಕ್ಟರು. ಅವರು ಪುಕ್ಕಟೆ ಡಾಕ್ಟರಲ್ಲ. ಬೆಂಗಳೂರಿನಲ್ಲಿ 1917ರಲ್ಲಿ ಶುರುವಾದ ಮೆಡಿಕಲ್ ಸ್ಕೂಲಿನಂಥ ಕಡೆ ಓದಿ ಲೈಸೆನ್ಸ್ ಪಡೆದ ತಲೆಮಾರು. ಆ ಸ್ಕೂಲೇ 1924ರಲ್ಲಿ ಕಾಲೇಜಾಗಿ, 1930ರಲ್ಲಿ ಮೈಸೂರಿಗೆ ಬಂತು. ಎರಡು ದರ್ಜೆಯ ಡಾಕ್ಟರು ಬೇಡ, ಒಂದೇ ಪದವಿ ಸಾಕು ಎಂದು 1946ರಲ್ಲಿ ಭೋರ್ ಸಮಿತಿ ಹೇಳಿದ ಮೇಲೆ ಎಲ್‌ಎಂಪಿಗಳ ಕಾಲ ಮುಗಿಯುತ್ತ ಬಂತು. ಅವರು ಬಿಟ್ಟುಹೋದ ಜಾಗದಲ್ಲಿ ಹಳ್ಳಿಗೆ ಬಂದು ಕೂತವನು ಯಾವ ಸ್ಕೂಲನ್ನೂ ಕಂಡವನಲ್ಲ. ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದು, ಸೂಜಿ ಹಿಡಿಯಲು ಕಲಿತವನು.

ಅವನನ್ನು ಬರೀ ಕೆಟ್ಟವನೆನ್ನುವುದೂ ಕಷ್ಟ. 2019ರ ಆಗಸ್ಟಿನಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ಹತ್ತಿರ ಮೈಸೂರು ರಸ್ತೆ ಮುಳುಗಿದಾಗ, ಮನೆಮನೆಗೆ ಕೊಡೆ ಹಿಡಿದು ಬಂದು ಜ್ವರಕ್ಕೆ ಮಾತ್ರೆ ಕೊಟ್ಟವನು ಅವನೇ. ಸಾಲವನ್ನೂ ಕೇಳುತ್ತಿರಲಿಲ್ಲ. ಜಿಲ್ಲಾಡಳಿತದವರು ತಪಾಸಣೆಗೆ ಬರುತ್ತಾರೆಂಬ ಸುದ್ದಿ ಬಂದ ದಿನ ಮಾತ್ರ ಷಟರು ಎಳೆದು ಗದ್ದೆ ಕಡೆ ಹೋಗುತ್ತಿದ್ದ. ಅಜ್ಜಿಯ ಕಾಲಿನ ಗಾಯಕ್ಕೆ ಅವನು ಮೂರು ವಾರ ಮುಲಾಮು ಹಚ್ಚಿದ, ದಿನ ಬಿಟ್ಟು ದಿನ ಇಂಜೆಕ್ಷನ್ ಚುಚ್ಚಿದ. ರಕ್ತದಲ್ಲಿ ಸಕ್ಕರೆ ಎಷ್ಟಿದೆಯೆಂದು ನೋಡುವ ಯೋಚನೆ ಅವನಿಗೆ ಬರಲಿಲ್ಲ. ಬೆರಳು ಕಪ್ಪಾದ ಮೇಲೆ ಮೈಸೂರಿಗೆ ಕರೆದೊಯ್ದರು. ಅಲ್ಲಿಯ ಡಾಕ್ಟರು ಮೊದಲು ಮಾಡಿಸಿದ್ದೇ ಆ ಪರೀಕ್ಷೆ. ಎರಡು ಬೆರಳು ತೆಗೆಯಬೇಕಾಯಿತು. ಅಜ್ಜಿ ಆಸ್ಪತ್ರೆಯಿಂದ ಮನೆಗೆ ಬಂದಾಗ ಅವನು ನೋಡಲು ಬಂದಿದ್ದ, ಬಾಳೆಹಣ್ಣು ತಂದಿದ್ದ. ಯಾರೂ ಏನೂ ಅನ್ನಲಿಲ್ಲ.

ಲೈಸೆನ್ಸ್ ಎನ್ನುವುದು ಗೋಡೆಗೆ ಹಾಕುವ ಚೌಕಟ್ಟಲ್ಲ ಎಂದು ಹುಡುಗಿಗೆ ಅನ್ನಿಸಿದ್ದು ಆಗ. ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಷಿಪ್, ಆಮೇಲೆ ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿ. ಆ ಸಂಖ್ಯೆಯನ್ನು ಔಷಧಿ ಚೀಟಿಯ ಮೇಲೆ ಹಾಕಬೇಕೆಂಬುದು ನಿಯಮ. ಅವಳು ಮನೆಯಲ್ಲಿದ್ದ ಹಳೆಯ ಚೀಟಿಗಳನ್ನೆಲ್ಲ ತೆಗೆದು ನೋಡಿದಳು. ಹಳ್ಳಿಯವನ ಚೀಟಿಗಳು ಕ್ಯಾಲೆಂಡರ್ ಹಾಳೆಯ ಹಿಂಬದಿಗಳು.

ಸಂಬಂಧಿಕರೊಬ್ಬರು ಆಯುರ್ವೇದಕ್ಕೆ ಸೇರಿಸಿ ಎಂದರು. ಅದೇನು ಸಣ್ಣ ಮಾತಲ್ಲ. ಮೈಸೂರಿನ ಸರ್ಕಾರಿ ಆಯುರ್ವೇದ ಕಾಲೇಜು 1908ರದು, ಬಿ.ವಿ. ಪಂಡಿತರು 1913ರಲ್ಲಿ ಕಟ್ಟಿದ ಸದ್ವೈದ್ಯಶಾಲೆಯ ಹಲ್ಲುಪುಡಿಯಿಂದ ಹಲ್ಲುಜ್ಜಿ ಬೆಳೆದ ಸೀಮೆ ಅದು. ಆದರೆ ಸಂಬಂಧಿಕರ ಮಾತಿನ ಬಾಲದಲ್ಲಿ, ‘ಆಮೇಲೆ ಇಂಗ್ಲಿಷ್ ಔಷಧಿನೇ ಕೊಟ್ಟರಾಯ್ತು’ ಎಂಬುದೂ ಇತ್ತು. ಹೋಮಿಯೋಪತಿ ಓದಿದವರು ಅಲೋಪತಿ ಔಷಧಿ ಕೊಟ್ಟು ರೋಗಿ ತೀರಿಕೊಂಡ ಪ್ರಕರಣದಲ್ಲಿ, ಓದದ ಪದ್ಧತಿಯಲ್ಲಿ ಚಿಕಿತ್ಸೆ ಕೊಡುವುದೇ ನಿರ್ಲಕ್ಷ್ಯವೆಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಆಯುರ್ವೇದ ಓದಿದರೆ ಆಯುರ್ವೇದವನ್ನೇ ಮಾಡುತ್ತೇನೆ, ಇಲ್ಲದಿದ್ದರೆ ಆ ಸೀಟನ್ನು ಬೇಕಾದವರು ಓದಲಿ ಎಂದಳು ಹುಡುಗಿ. ಸಂಬಂಧಿಕರಿಗೆ ಕೋಪ ಬಂತು. ಅಪ್ಪನಿಗೆ ಬರಲಿಲ್ಲ.

ಹಬ್ಬ ಕಳೆದ ಮೇಲೆ ಅಜ್ಜಿಯನ್ನು ಕಾಲು ತೋರಿಸಲು ತಿ. ನರಸೀಪುರಕ್ಕೆ ಕರೆದೊಯ್ದರು. ಸ್ಟೂಲಿನ ಮೇಲೆ ಕೂರುವ ಮೊದಲೇ ಅಜ್ಜಿ, ‘ನಿಮ್ಗ ನಂಬ್ರು ಅದಾ ತಾಯಿ?’ ಎಂದು ಕೇಳಿಬಿಟ್ಟಿತು. ಅಪ್ಪ ತಲೆ ತಗ್ಗಿಸಿದ. ಆ ಎಳೆಯ ವಯಸ್ಸಿನ ವೈದ್ಯೆ ಏನೂ ಅಂದುಕೊಳ್ಳದೆ ಚೀಟಿ ತಿರುಗಿಸಿ, ಸಹಿಯ ಕೆಳಗಿನ ಸೀಲು ತೋರಿಸಿದರು. ಓದಲು ಬಾರದ ಅಜ್ಜಿ ಅದನ್ನು ಮೊಮ್ಮಗಳ ಕೈಗೆ ಕೊಟ್ಟು, ‘ನೋಡ್ ಮಗ, ಸರ್ಯಾಗದಾ?’ ಎಂದಿತು. ಹುಡುಗಿ ಆಗ ಎರಡನೇ ಸಲ ನೀಟಿಗೆ ಓದುತ್ತಿದ್ದಳು. ಗದ್ದೆ ಇನ್ನೂ ಅಪ್ಪನ ಹೆಸರಿನಲ್ಲೇ ಇತ್ತು.